ಹುಡುಗರಿಗೂ ಎಚ್‌ಪಿವಿ ಲಸಿಕೆ: ಶಾಲೆಯಲ್ಲೇ ಕೊಡಬೇಕಾ?

ಪ್ರಶ್ನೆ: ಡಾಕ್ಟ್ರೇ, ನಾನು ಕೊಡಗಿನ ಸಿದ್ದಾಪುರ ಕಡೆಯ ಒಂದು ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ. ನಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿಸುವ ಮಾತು ನಡೆದಿದೆ. ಖರ್ಚು ನೋಡಿಕೊಳ್ಳಲು ಊರಿನ ಒಂದು ಸಂಘ ಮುಂದೆ ಬಂದಿದೆ. ಸಭೆಯಲ್ಲಿ ಕೆಲವರು "ಹೊರದೇಶದಲ್ಲಿ ಹುಡುಗರಿಗೂ ಕೊಡ್ತಾರಂತೆ, ನಮ್ಮ ಹುಡುಗರಿಗೆ ಯಾಕಿಲ್ಲ?" ಎಂದರು. ಇನ್ನು ಕೆಲವರು "ಗರ್ಭಕೋಶವೇ ಇಲ್ಲದವರಿಗೆ ಗರ್ಭಕಂಠದ ಕ್ಯಾನ್ಸರ್ ಲಸಿಕೆ ಯಾಕೆ?" ಎಂದು ನಕ್ಕರು. ಹುಡುಗರಿಗೂ ಶಾಲೆಯಲ್ಲೇ ಕೊಡಿ ಎಂದು ಇಲಾಖೆಗೆ ಮನವಿ ಬರೆಯಬೇಕೆಂದಿದ್ದೇವೆ. ಇದು ಸರಿಯಾ? ನನ್ನ ಮಗಳಿಗೆ 14 ವರ್ಷ, 9ನೇ ತರಗತಿ. ಮಗನಿಗೆ 12, 7ನೇ ತರಗತಿ. ಮಗನಿಗೆ ನಾವೇ ದುಡ್ಡು ಕೊಟ್ಟು ಹಾಕಿಸಬಹುದಾ?

ಉತ್ತರ: ಹಾಕಿಸಬಹುದು, ಕೈಲಾದರೆ ಹಾಕಿಸಿ. ಮನವಿಯನ್ನೂ ಬರೆಯಿರಿ. ಆದರೆ ಆ ಮನವಿಯ ಮೊದಲ ಸಾಲಿನಲ್ಲಿ ಹುಡುಗರು ಇರಬಾರದು ಎನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಮೊದಲು ನಕ್ಕವರ ಪ್ರಶ್ನೆ ತೆಗೆದುಕೊಳ್ಳೋಣ, ಅದು ದಡ್ಡ ಪ್ರಶ್ನೆಯೇನಲ್ಲ. ಎಚ್‌ಪಿವಿ ಎನ್ನುವುದು ಚರ್ಮದಿಂದ ಚರ್ಮಕ್ಕೆ, ಮುಖ್ಯವಾಗಿ ಲೈಂಗಿಕ ಸಂಪರ್ಕದಲ್ಲಿ ಹರಡುವ ವೈರಸ್. ಗಂಡು ಹೆಣ್ಣು ಇಬ್ಬರಿಗೂ ತಗಲುತ್ತದೆ. ಜಗತ್ತಿನಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಸುಮಾರು ಮೂವರಲ್ಲಿ ಒಬ್ಬರ ಮೈಯಲ್ಲಿ ಇದರ ಒಂದಲ್ಲ ಒಂದು ಬಗೆ ಇರುತ್ತದೆ ಎನ್ನುವುದು 2023ರಲ್ಲಿ ಬಂದ ಅಂದಾಜು. ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಅದು ಬೀಡುಬಿಡುತ್ತದೆ. ಹೀಗೆ ಉಳಿದುಕೊಂಡ ಸೋಂಕು ಹದಿನೈದು, ಇಪ್ಪತ್ತು ವರ್ಷ ಕಳೆದ ಮೇಲೆ ಕ್ಯಾನ್ಸರ್ ಆಗಬಹುದು. ಹೆಂಗಸರಲ್ಲಿ ಅದು ಬಹುಪಾಲು ಗರ್ಭಚೀಲದ ಬಾಯಿಯಲ್ಲಿ, ಅಂದರೆ ಗರ್ಭಕಂಠದಲ್ಲಿ. ಗಂಡಸರಲ್ಲಿ ಶಿಶ್ನ, ಗುದದ್ವಾರ ಮತ್ತು ಗಂಟಲಿನ ಹಿಂಭಾಗದಲ್ಲಿ.

ಆದರೆ ಹೊರೆ ಸಮನಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಎಚ್‌ಪಿವಿಯಿಂದ ಬಂದ ಕ್ಯಾನ್ಸರ್ ಹೆಂಗಸರಲ್ಲಿ 6 ಲಕ್ಷ 20 ಸಾವಿರ, ಗಂಡಸರಲ್ಲಿ 70 ಸಾವಿರ. ಭಾರತದಲ್ಲಿ 2022ರ ಅಂದಾಜಿನಂತೆ ಗರ್ಭಕಂಠದ ಕ್ಯಾನ್ಸರ್ ಒಂದೇ ವರ್ಷಕ್ಕೆ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಬಂದಿದೆ, ಹತ್ತಿರ ಹತ್ತಿರ 80 ಸಾವಿರ ಜನ ತೀರಿಕೊಂಡಿದ್ದಾರೆ. ಇದರ ಮೇಲೆ ಇನ್ನೊಂದು ಮಾತಿದೆ. 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಂಡವರು ನಮ್ಮ ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅಂದರೆ ಲಸಿಕೆ ತಪ್ಪಿದ ಹುಡುಗಿಯನ್ನು ಮುಂದೆ ತಪಾಸಣೆ ಹಿಡಿಯುತ್ತದೆ ಎಂಬ ನೆಚ್ಚಿಕೆ ನಮಗಿಲ್ಲ.

ಹಾಗಾದರೆ ಹುಡುಗರಿಗೆ ಯಾಕೆ? ನಿಮ್ಮ ಸಭೆಯಲ್ಲಿ ಹೇಳಲು ಒಂದು ಉದಾಹರಣೆ ಕೊಡುತ್ತೇನೆ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದದ್ದು ನೆನಪಿದೆಯಲ್ವಾ? ನಿಮ್ಮ ಮಗಳಿಗೂ ಆಗ ಹಾಕಿಸಿರಬಹುದು. ರುಬೆಲ್ಲಾದ ನಿಜವಾದ ಕೆಡುಕು ಇರುವುದು ಬಸುರಿಯ ಹೊಟ್ಟೆಯಲ್ಲಿರುವ ಮಗುವಿಗೆ. ಆದರೂ ಆವತ್ತು ಹುಡುಗರನ್ನೂ ಸಾಲಿನಲ್ಲಿ ನಿಲ್ಲಿಸಿದರು, ಯಾರೂ ನಗಲಿಲ್ಲ. ಇದರ ಹಿಂದೆ ಒಂದು ಪಾಠವಿದೆ. ಬ್ರಿಟನ್ 1970ರಲ್ಲಿ ರುಬೆಲ್ಲಾ ಲಸಿಕೆಯನ್ನು ಶಾಲೆಯ ಹುಡುಗಿಯರಿಗೆ ಮಾತ್ರ ಕೊಡಲು ಶುರು ಮಾಡಿತು. ಹುಡುಗರಲ್ಲಿ ಮತ್ತು ಚಿಕ್ಕ ಮಕ್ಕಳಲ್ಲಿ ವೈರಸ್ ಓಡಾಡುತ್ತಲೇ ಇತ್ತು. ಲಸಿಕೆ ತಪ್ಪಿಸಿಕೊಂಡ ಹುಡುಗಿಯರಿಗೆ ಬಸುರಿನಲ್ಲಿ ಅದು ತಗಲುತ್ತಲೇ ಇತ್ತು. ಕೊನೆಗೆ 1988ರಲ್ಲಿ ಗಂಡು ಹೆಣ್ಣು ಎನ್ನದೆ ಎಲ್ಲ ಮಕ್ಕಳಿಗೂ ರುಬೆಲ್ಲಾ ಸೇರಿದ ಎಂಎಂಆರ್ ಲಸಿಕೆ ಕೊಡತೊಡಗಿದರು. ಒಬ್ಬರನ್ನು ಕಾಪಾಡಲು ಇನ್ನೊಬ್ಬರಿಗೂ ಲಸಿಕೆ ಕೊಡುವುದು ಹೊಸ ವಿಚಾರವೇ ಅಲ್ಲ.

ಎಚ್‌ಪಿವಿಯಲ್ಲೂ ಹೆಚ್ಚುಕಡಿಮೆ ಇದೇ ದಾರಿ. ಆಸ್ಟ್ರೇಲಿಯಾ 2007ರಲ್ಲಿ ಶಾಲೆಗಳಲ್ಲಿ ಹುಡುಗಿಯರಿಗೆ ಶುರು ಮಾಡಿತು, 2013ರಲ್ಲಿ ಹುಡುಗರನ್ನು ಸೇರಿಸಿತು. ಬ್ರಿಟನ್‌ನಲ್ಲಿ ಹುಡುಗಿಯರಿಗೆ 2008, ಹುಡುಗರಿಗೆ 2019. ನಮ್ಮ ಪಕ್ಕದ ಭೂತಾನ್ 2010ರಲ್ಲಿ ಹುಡುಗಿಯರಿಂದ ಶುರು ಮಾಡಿ ಆಮೇಲೆ ಹುಡುಗರಿಗೂ ವಿಸ್ತರಿಸಿತು. ಗಮನಿಸಿ: ಎಲ್ಲರೂ ಮೊದಲು ಹುಡುಗಿಯರನ್ನು ಗಟ್ಟಿ ಮಾಡಿಕೊಂಡರು, ಆಮೇಲೆ ಹುಡುಗರ ಕಡೆ ತಿರುಗಿದರು.

ಅದಕ್ಕೆ ಕಾರಣ ಆಸ್ಟ್ರೇಲಿಯಾದಲ್ಲೇ ಸಿಕ್ಕಿತು. ಹುಡುಗಿಯರಿಗೆ ಮಾತ್ರ ಲಸಿಕೆ ಕೊಡುತ್ತಿದ್ದ ಕಾಲದಲ್ಲೇ, 2011ರ ಹೊತ್ತಿಗೆ, ಹೆಣ್ಣಿನೊಂದಿಗೆ ಸಂಬಂಧವಿರುವ 21ರೊಳಗಿನ ಗಂಡಸರಲ್ಲಿ ಇದೇ ವೈರಸ್ ತರುವ ಜನನಾಂಗದ ನರುಳ್ಳೆ ನೂರಕ್ಕೆ 80ಕ್ಕೂ ಜಾಸ್ತಿ ಇಳಿದಿತ್ತು. ಆ ಹುಡುಗರಿಗೆ ಯಾರೂ ಸೂಜಿ ಚುಚ್ಚಿರಲಿಲ್ಲ. ಹುಡುಗಿಯರಲ್ಲಿ ವೈರಸ್ ಇಲ್ಲವಾದರೆ ಹುಡುಗರಿಗೆ ಬರುವುದಾದರೂ ಎಲ್ಲಿಂದ? ಹುಡುಗಿಯರಲ್ಲಿ ನೂರಕ್ಕೆ 80 ಜನರಿಗೆ ಲಸಿಕೆ ಮುಟ್ಟಿದರೆ ಹುಡುಗರ ಅಪಾಯವೂ ತಗ್ಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದರಿಂದಲೇ. ಲಸಿಕೆಗೆ ಜಗತ್ತಿನಲ್ಲೇ ಕೊರತೆಯಿದ್ದಾಗ, 2019ರಲ್ಲಿ, ಹುಡುಗರಿಗೆ ಕೊಡುವುದನ್ನು ಸದ್ಯಕ್ಕೆ ಮುಂದೂಡಿ ಎಂದು ಆ ಸಂಸ್ಥೆಯ ತಜ್ಞರ ಸಮಿತಿ ದೇಶಗಳಿಗೆ ಸಲಹೆ ಕೊಟ್ಟಿತ್ತು. ಇವತ್ತಿಗೂ ಅದರ ಮೊದಲ ಗುರಿ 9ರಿಂದ 14ರ ಹುಡುಗಿಯರೇ. ನಮ್ಮ ದೇಶದ ಲಸಿಕಾ ತಜ್ಞರ ಗುಂಪು 2022ರಲ್ಲಿ ಶಿಫಾರಸು ಮಾಡಿದ್ದೂ ಇದೇ ವಯಸ್ಸಿನ ಹುಡುಗಿಯರಿಗೆ.

ಆದರೆ ಈ ನೆರಳಿನ ರಕ್ಷಣೆಗೆ ಎರಡು ತೂತುಗಳಿವೆ. ಮೊದಲನೆಯದು ಆಸ್ಟ್ರೇಲಿಯಾದ ಅದೇ ಅಂಕಿಗಳಲ್ಲಿ ಕಂಡಿತು. ಗಂಡಸರೊಂದಿಗೆ ಸಂಬಂಧವಿರುವ ಗಂಡಸರಲ್ಲಿ ಕಾಯಿಲೆ ಇಳಿಯಲೇ ಇಲ್ಲ. 12 ವರ್ಷದ ಯಾವ ಹುಡುಗ ಮುಂದೆ ಯಾರನ್ನು ಪ್ರೀತಿಸುತ್ತಾನೆ ಎಂದು ಸೂಜಿ ಹಾಕುವ ದಿನ ಯಾರಿಗೂ ಗೊತ್ತಿರುವುದಿಲ್ಲ, ಕೇಳುವಂತೆಯೂ ಇಲ್ಲ. ಎರಡನೆಯದು ಕೊಡಗಿಗೆ ತುಂಬ ಹತ್ತಿರದ್ದು. ನಮ್ಮ ಹುಡುಗರು ಊರಲ್ಲಿ ಉಳಿಯುವುದಿಲ್ಲ. ಸೈನ್ಯಕ್ಕೆ ಹೋಗುತ್ತಾರೆ, ಬೆಂಗಳೂರು, ಮೈಸೂರಿಗೆ ಓದಲು ಹೋಗುತ್ತಾರೆ, ಕೊಲ್ಲಿ ದೇಶಕ್ಕೆ ದುಡಿಯಲು ಹೋಗುತ್ತಾರೆ. ಸಿದ್ದಾಪುರದ ಹುಡುಗಿಯರೆಲ್ಲ ಲಸಿಕೆ ಹಾಕಿಸಿಕೊಂಡಿದ್ದರೂ ಆ ರಕ್ಷಣೆ ಹುಡುಗನ ಜೊತೆ ರೈಲು ಹತ್ತುವುದಿಲ್ಲ. ಅವನ ಸ್ವಂತ ತೋಳಿಗೆ ಹಾಕಿದ ಲಸಿಕೆ ಮಾತ್ರ ಅವನ ಜೊತೆ ಹೋಗುತ್ತದೆ. ಇನ್ನೊಂದು ವಿಷಯ. ಹೆಂಗಸರಿಗೆ ಗರ್ಭಕಂಠದ ತಪಾಸಣೆಗೆ ಪ್ಯಾಪ್ ಪರೀಕ್ಷೆಯಾದರೂ ಇದೆ. ಗಂಡಸರಲ್ಲಿ ಎಚ್‌ಪಿವಿ ಹುಡುಕಲು ಎಲ್ಲರಿಗೂ ಮಾಡುವಂಥ ತಪಾಸಣೆಯೇ ಇಲ್ಲ.

ಹುಡುಗರನ್ನು ಸೇರಿಸಲು ಮೂರನೆಯ ಕಾರಣವೂ ಇದೆ, ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ. ಒಂದೇ ಗುಂಪನ್ನು ನಂಬಿದ ಕಾರ್ಯಕ್ರಮ ಒಂದೇ ಪೆಟ್ಟಿಗೆ ಬೀಳುತ್ತದೆ. ಜಪಾನ್ ನೋಡಿ. ಅಲ್ಲಿ ಹುಡುಗಿಯರಲ್ಲಿ ನೂರಕ್ಕೆ 70ರಷ್ಟು ಜನ ಹಾಕಿಸಿಕೊಳ್ಳುತ್ತಿದ್ದರು. ಅಡ್ಡಪರಿಣಾಮದ ಸುದ್ದಿ ಹಬ್ಬಿ 2013ರ ಜೂನ್‌ನಲ್ಲಿ ಸರ್ಕಾರ ತನ್ನ ಶಿಫಾರಸನ್ನು ತಡೆಹಿಡಿಯಿತು. ಆಮೇಲಿನ ಹುಡುಗಿಯರಲ್ಲಿ ಹಾಕಿಸಿಕೊಂಡವರ ಪಾಲು ನೂರಕ್ಕೆ ಒಂದಕ್ಕಿಂತ ಕೆಳಗೆ ಇಳಿಯಿತು. ಸರಿಪಡಿಸಲು 2022ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಇಂಥ ಗಾಳಿಸುದ್ದಿ ಹೆಣ್ಣುಮಕ್ಕಳ ಲಸಿಕೆಗೇ ಬೇಗ ಅಂಟಿಕೊಳ್ಳುತ್ತದೆ. "ಹುಡುಗಿಯರಿಗೆ ಮಾತ್ರ ಯಾಕೆ? ಮಕ್ಕಳಾಗದಂತೆ ಮಾಡಲಿಕ್ಕಾ?" ಎಂಬ ವಾಟ್ಸಾಪ್ ಸಂದೇಶ ನಿಮ್ಮ ಊರಿಗೂ ಬಂದಿರಬಹುದು. ಲಸಿಕೆಗೂ ಬಂಜೆತನಕ್ಕೂ ಸಂಬಂಧವಿಲ್ಲ. ಅಣ್ಣ ತಂಗಿ ಇಬ್ಬರೂ ಒಂದೇ ದಿನ ಒಂದೇ ಕೋಣೆಯಲ್ಲಿ ಹಾಕಿಸಿಕೊಂಡರೆ ಆ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇಷ್ಟೆಲ್ಲ ಹುಡುಗರ ಪರ ಹೇಳಿ, ಮನವಿಯ ಮೊದಲ ಸಾಲಿನಲ್ಲಿ ಅವರು ಬೇಡ ಎಂದದ್ದು ಯಾಕೆ? ಯಾಕೆಂದರೆ ನಿಮ್ಮ ಸಂಘದ ದುಡ್ಡಿಗೆ ಮಿತಿ ಇದೆ. ಒಂದು ಡೋಸ್ ಉಳಿದಿದೆ ಅಂದುಕೊಳ್ಳಿ. ಒಂದು ಕಡೆ ನಿಮ್ಮ ಶಾಲೆಯ 7ನೇ ತರಗತಿಯ ಹುಡುಗ. ಇನ್ನೊಂದು ಕಡೆ ತೋಟದ ಕೂಲಿಯವರ ಲೈನ್ ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಟ್ಟ 13 ವರ್ಷದ ಹುಡುಗಿ. ಆ ಡೋಸ್ ಅವಳದ್ದು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಮುಂದೆ ತಪಾಸಣೆಗೆ ಹೋಗುವ ಸಾಧ್ಯತೆ ಎಲ್ಲರಿಗಿಂತ ಕಡಿಮೆ ಇರುವುದು ಅವಳಿಗೇ. ಕಾಯಿಲೆ ಬಂದರೆ ತಡವಾಗಿ ಆಸ್ಪತ್ರೆ ತಲುಪುವವಳೂ ಅವಳೇ.

ಶಾಲೆಯಲ್ಲಿ ಲಸಿಕೆ ಕೊಡುವುದು ಒಳ್ಳೆಯ ದಾರಿ, ಅದರ ಬಗ್ಗೆ ತಕರಾರಿಲ್ಲ. ಭೂತಾನ್ ನಡುವೆ ಮೂರು ವರ್ಷ ಶಾಲೆ ಬಿಟ್ಟು ಆರೋಗ್ಯ ಕೇಂದ್ರಗಳಲ್ಲಿ ಕೊಟ್ಟು ನೋಡಿತು. ಲಸಿಕೆ ಹಾಕಿಸಿಕೊಂಡವರು ನೂರಕ್ಕೆ 70ರ ಆಸುಪಾಸಿಗೆ ಇಳಿದರು. 2014ರಲ್ಲಿ ಮತ್ತೆ ಶಾಲೆಗೆ ತಂದಾಗ ಆ ಸಂಖ್ಯೆ 90ರ ಹತ್ತಿರ ಹೋಯಿತು. ಸಿಕ್ಕಿಂ 2018ರಲ್ಲಿ ಶಾಲೆಗಳ ಮೂಲಕವೇ 9ರಿಂದ 13ರ ಹುಡುಗಿಯರಲ್ಲಿ ನೂರಕ್ಕೆ 95ಕ್ಕೂ ಜಾಸ್ತಿ ಜನರನ್ನು ಮುಟ್ಟಿತು. ಎರಡೂ ಗುಡ್ಡದ ಸೀಮೆಗಳು, ನಮ್ಮ ಹಾಗೇ ಮಳೆ, ರಸ್ತೆಯ ತಾಪತ್ರಯ ಇರುವಂಥವು. ಆದರೆ ಶಾಲೆಗೆ ಬಾರದವಳನ್ನು ಶಾಲೆ ಹೇಗೆ ಹಿಡಿಯುತ್ತದೆ? ಕೊಡಗಿನಲ್ಲಿ ಈ ಪ್ರಶ್ನೆ ಸಣ್ಣದಲ್ಲ. 2011ರ ಜನಗಣತಿಯಂತೆ ಜಿಲ್ಲೆಯ 5.54 ಲಕ್ಷ ಜನರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಪರಿಶಿಷ್ಟ ಪಂಗಡದವರು. ಯರವರು, ಜೇನುಕುರುಬರು, ಬೆಟ್ಟಕುರುಬರು ತಮ್ಮ ಕೇರಿಗಳಾದ ಹಾಡಿಗಳಲ್ಲೂ ಲೈನ್ ಮನೆಗಳಲ್ಲೂ ಇದ್ದಾರೆ. ಕಾಫಿ ಕೊಯ್ಲಿಗೆಂದು ಅಸ್ಸಾಂ ಕಡೆಯಿಂದ ಬರುವ ಕುಟುಂಬಗಳಿವೆ. ಅವರ ಮಕ್ಕಳ ಹೆಸರು ಎಷ್ಟೋ ಸಲ ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ.

ಹಾಗಾಗಿ ನಿಮ್ಮ ಮನವಿ ಹೀಗಿರಲಿ. ನಮ್ಮ ಶಾಲೆಯ ವ್ಯಾಪ್ತಿಯ ಹಾಡಿ, ಲೈನ್ ಮನೆಗಳಲ್ಲಿರುವ 9ರಿಂದ 14ರ ಎಲ್ಲ ಹುಡುಗಿಯರ ಪಟ್ಟಿ ಮಾಡಿ, ಶಾಲೆಯಲ್ಲಿ ಲಸಿಕೆ ಹಾಕುವ ದಿನ ಅವರನ್ನೂ ಕರೆತರಲು ವ್ಯವಸ್ಥೆ ಮಾಡಿ. ಅದಾದ ಮೇಲೆ, ಹುಡುಗರನ್ನೂ ಸೇರಿಸಿ. ಪಟ್ಟಿ ಮಾಡುವ ಕೆಲಸಕ್ಕೆ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಇಬ್ಬರನ್ನೂ ಕೂರಿಸಿಕೊಳ್ಳಿ. ಅವರಿಗೆ ಗೊತ್ತಿರುವಷ್ಟು ಇಲಾಖೆಗೆ ಗೊತ್ತಿರುವುದಿಲ್ಲ. ಎಸ್ಟೇಟ್ ರೈಟರ್‌ಗಳಿಗೂ ಒಂದು ಮಾತು ಹೇಳಿ. ಲಸಿಕೆಯ ದಿನ ತಾಯಿಗೆ ಅರ್ಧ ದಿನದ ಕೂಲಿ ಹೋಗುವುದಾದರೆ ಅವಳು ಮಗಳನ್ನು ಕರೆದುಕೊಂಡು ಬರುವುದಿಲ್ಲ. ಹುಡುಗರನ್ನು ಎಲ್ಲರಿಗೂ ಉಚಿತ ಕಾರ್ಯಕ್ರಮದಲ್ಲಿ ಸೇರಿಸುವ ತೀರ್ಮಾನ ಮಡಿಕೇರಿಯಲ್ಲಿ ಆಗುವಂಥದ್ದಲ್ಲ, ಅದು ಬೆಂಗಳೂರು, ದೆಹಲಿಯ ಮಟ್ಟದ್ದು. ಹಾಗಂತ ಬರೆಯಬಾರದು ಎಂದಲ್ಲ. ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಟ್ಟು, ಪ್ರತಿಯನ್ನು ಬಿಇಒಗೂ ಶಾಸಕರಿಗೂ ಕಳಿಸಿ. ಪಟ್ಟಿ, ದಿನಾಂಕ, ವಾಹನ ಮಾತ್ರ ಜಿಲ್ಲೆಯ ಕೈಯಲ್ಲೇ ಇದೆ, ಅದನ್ನು ಬಿಗಿಯಾಗಿ ಕೇಳಿ.

ಈಗ ಒಪ್ಪಿಗೆ ಪತ್ರದ ವಿಚಾರ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಈ ಲಸಿಕೆ ನಮ್ಮ ದೇಶದಲ್ಲಿ ಇಷ್ಟು ತಡವಾಗಲು ಅದೂ ಒಂದು ಕಾರಣ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಸಾವಿರಾರು ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಕೊಡುವ ಯೋಜನೆ ನಡೆಯಿತು. ಏಳು ಹುಡುಗಿಯರು ತೀರಿಕೊಂಡರು. ತನಿಖೆ ನಡೆದಾಗ ಸಾವಿಗೆ ಲಸಿಕೆ ಕಾರಣವಲ್ಲ ಎಂದು ಕಂಡಿತು. ಒಬ್ಬಳು ನೀರಿನಲ್ಲಿ ಮುಳುಗಿದ್ದಳು, ಒಬ್ಬಳಿಗೆ ಹಾವು ಕಚ್ಚಿತ್ತು. ಆದರೆ ಅದೇ ತನಿಖೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಖಮ್ಮಂನಲ್ಲಿ ಎಷ್ಟೋ ಬುಡಕಟ್ಟು ಹುಡುಗಿಯರ ಒಪ್ಪಿಗೆ ಪತ್ರಕ್ಕೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್, ಮುಖ್ಯಶಿಕ್ಷಕರು ಸಹಿ ಹಾಕಿದ್ದರು. 2010ರಲ್ಲಿ ಯೋಜನೆ ನಿಂತಿತು. 2013ರಲ್ಲಿ ಸಂಸತ್ತಿನ ಸಮಿತಿ ಕಟುವಾಗಿ ಬರೆಯಿತು. ಲಸಿಕೆಯಲ್ಲಿ ತಪ್ಪಿರಲಿಲ್ಲ, ಕೊಟ್ಟ ರೀತಿಯಲ್ಲಿತ್ತು. ನಂಬಿಕೆ ಮರಳಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಕೊಡಗಿನಲ್ಲಿ ಆಶ್ರಮ ಶಾಲೆಗಳಿವೆ, ಮೊರಾರ್ಜಿ ವಸತಿ ಶಾಲೆಗಳಿವೆ, ಹಾಸ್ಟೆಲ್‌ಗಳಿವೆ. ಹೊರ ಜಿಲ್ಲೆಯ ಮಕ್ಕಳು ಓದುವ ದೊಡ್ಡ ಬೋರ್ಡಿಂಗ್ ಶಾಲೆಗಳೂ ಇವೆ. "ಸುಮ್ನೆ ವಾರ್ಡನ್ ಹತ್ರ ಒಂದು ಸಹಿ ಹಾಕಿಸಿಬಿಡಿ" ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ. ತಂದೆ ಅಥವಾ ತಾಯಿಗೆ ಅವರಿಗೆ ಗೊತ್ತಿರುವ ಭಾಷೆಯಲ್ಲಿ ಓದಿ ಹೇಳಬೇಕು. ಹಾಡಿಗೆ ಹೋಗಿ ಹೇಳಬೇಕಾದರೆ ಹೋಗಬೇಕು. ಬೇಡ ಎಂದವರ ಮಗುವನ್ನು ತರಗತಿಯಲ್ಲಿ ಎದ್ದು ನಿಲ್ಲಿಸಬಾರದು. ಒಪ್ಪಿಗೆಯ ಹಾಳೆ ಗಂಡು ಹೆಣ್ಣು ಇಬ್ಬರಿಗೂ ಒಂದೇ ಇರಲಿ.

ಸಭೆಯಲ್ಲಿ ಖಂಡಿತ ಬರುವ ಇನ್ನೊಂದು ಮಾತು: "ಇಷ್ಟು ಸಣ್ಣ ಮಕ್ಕಳಿಗೆ ಇಂಥ ಲಸಿಕೆ ಕೊಟ್ಟರೆ ದಾರಿ ತಪ್ಪುವುದಿಲ್ವಾ?" ಹೆಪಟೈಟಿಸ್ ಬಿ ಕೂಡ ರಕ್ತದಿಂದಲೂ ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ. ಅದರ ಲಸಿಕೆಯನ್ನು ನಾವು ಹುಟ್ಟಿದ ದಿನವೇ ಹಾಕಿಸುತ್ತೇವೆ. ಯಾವ ಅಜ್ಜಿಯೂ ಆಕ್ಷೇಪಿಸಿದ್ದನ್ನು ನಾನು ಕೇಳಿಲ್ಲ. ಎಚ್‌ಪಿವಿ ಲಸಿಕೆ ವೈರಸ್ ತಗಲುವ ಮೊದಲು ಹಾಕಿದರೆ ಮಾತ್ರ ಪೂರ್ತಿ ಫಲ. ಜೊತೆಗೆ 9ರಿಂದ 14ರ ವಯಸ್ಸಿನಲ್ಲಿ ದೇಹ ಅದಕ್ಕೆ ಚೆನ್ನಾಗಿ ಸ್ಪಂದಿಸುತ್ತದೆ. ಇಂಗ್ಲೆಂಡ್‌ನಲ್ಲಿ 12-13ನೇ ವಯಸ್ಸಿನಲ್ಲಿ ಲಸಿಕೆ ಸಿಕ್ಕ ಹುಡುಗಿಯರ ತಲೆಮಾರಿನಲ್ಲಿ ಗರ್ಭಕಂಠದ ಕ್ಯಾನ್ಸರ್ ನೂರಕ್ಕೆ 87ರಷ್ಟು ಕಡಿಮೆಯಾಗಿದೆ ಎಂದು 2021ರಲ್ಲಿ ವರದಿಯಾಯಿತು. ವಯಸ್ಸು ಏರಿದ ಮೇಲೆ ಹಾಕಿಸಿಕೊಂಡವರಲ್ಲಿ ಇಷ್ಟು ಲಾಭ ಕಾಣಲಿಲ್ಲ.

ಹುಡುಗರ ವಿಷಯದಲ್ಲಿ ಒಂದು ಎಚ್ಚರಿಕೆ. "ಬಾಯಿ ಕ್ಯಾನ್ಸರ್ ಬರದಂತೆ ಲಸಿಕೆ" ಎಂದು ಯಾರೂ ಪ್ರಚಾರ ಮಾಡಬಾರದು. ಗಂಟಲ ಹಿಂಭಾಗದ, ಟಾನ್ಸಿಲ್ ಜಾಗದ ಕ್ಯಾನ್ಸರ್‌ಗಳಲ್ಲಿ ಎಚ್‌ಪಿವಿ ಪಾತ್ರ ಅಮೆರಿಕದಲ್ಲಿ ದೊಡ್ಡದು. ನಮ್ಮಲ್ಲಿ ಕೆನ್ನೆ, ನಾಲಿಗೆ, ಒಸಡಿನ ಕ್ಯಾನ್ಸರ್ ಬರುವುದು ಬಹುಪಾಲು ಹೊಗೆಸೊಪ್ಪು, ಗುಟ್ಕಾ, ಅಡಿಕೆಯಿಂದ, ಜೊತೆಗೆ ಹೆಂಡದಿಂದ. ಲಸಿಕೆ ಆಗಿದೆ ಎಂದು ಹುಡುಗ ಗುಟ್ಕಾ ಹಾಕಿದರೆ ನಾವು ಅವನಿಗೆ ಮೋಸ ಮಾಡಿದಂತೆ.

ದಿನಾಂಕದ ಬಗ್ಗೆ. ಜೂನ್, ಜುಲೈ ಬೇಡವೇ ಬೇಡ. ಯಾವತ್ತು ಮಳೆ ರಜೆ ಕೊಡುತ್ತಾರೋ ಗೊತ್ತಿರುವುದಿಲ್ಲ. 2018ರ ಆಗಸ್ಟ್‌ನ ಮಳೆ, ಭೂಕುಸಿತವನ್ನು ಕೊಡಗಿನವರಿಗೆ ಯಾರೂ ನೆನಪಿಸಬೇಕಿಲ್ಲ. ಈ ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು, ಹೆಪ್ಪುಗಟ್ಟಲೂ ಬಾರದು. ಮೂರು ದಿನ ಕರೆಂಟ್ ಇಲ್ಲದ ವಾರದಲ್ಲಿ ಪಿಎಚ್‌ಸಿಯವರಿಗೆ ಅದೊಂದು ಹೊಸ ತಲೆನೋವು ಯಾಕೆ? ಕೈಲ್ ಮುಹೂರ್ತ ಹಬ್ಬ ಮುಗಿದ ಮೇಲೆ, ಸೆಪ್ಟೆಂಬರ್‌ನಲ್ಲಿ ಮೊದಲ ಡೋಸ್ ಇಟ್ಟುಕೊಳ್ಳಿ. ಆರು ತಿಂಗಳಿಗೆ ಎರಡನೆಯದು ಮಾರ್ಚ್‌ನಲ್ಲಿ ಬರುತ್ತದೆ. ಪರೀಕ್ಷೆ ಅಡ್ಡ ಬಂದು ಸ್ವಲ್ಪ ತಡವಾದರೆ ಗಾಬರಿ ಬೇಡ. ಮೊದಲ ಡೋಸ್ ವ್ಯರ್ಥವಾಗುವುದಿಲ್ಲ, ಮತ್ತೆ ಮೊದಲಿಂದ ಶುರು ಮಾಡಬೇಕಿಲ್ಲ. ಕೊಯ್ಲಿಗೆ ಬರುವ ಕುಟುಂಬಗಳ ಹುಡುಗಿಯರು ಮಾತ್ರ ಸೆಪ್ಟೆಂಬರ್‌ನಲ್ಲಿ ಇಲ್ಲಿರುವುದಿಲ್ಲ. ಅವರಿಗೆ ಜನವರಿಯಲ್ಲಿ ಒಂದು ದಿನ ಬೇರೆಯೇ ಇಡಿ.

ಅಂಥವರಿಗೆ ಎರಡನೇ ಡೋಸ್ ಯಾರು ಕೊಡುತ್ತಾರೆ ಎಂದು ಕೇಳುತ್ತೀರಿ. ಇಲ್ಲಿ ಒಂದು ಒಳ್ಳೆಯ ಸುದ್ದಿ ಇದೆ, ಅದೂ ನಮ್ಮ ದೇಶದ್ದೇ. 2010ರಲ್ಲಿ ಖಮ್ಮಂ ಗಲಾಟೆಯಿಂದಾಗಿ ಇನ್ನೊಂದು ಅಧ್ಯಯನವೂ ಅರ್ಧಕ್ಕೆ ನಿಂತಿತು. ಅದರಲ್ಲಿದ್ದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಅವರನ್ನು ಹತ್ತು ವರ್ಷ ಗಮನಿಸಿದರು. 16 ಮತ್ತು 18ನೇ ಬಗೆಯ ಎಚ್‌ಪಿವಿ ಅವರಲ್ಲಿ ಬೇರೂರದಂತೆ ಆ ಒಂದು ಡೋಸ್ ನೂರಕ್ಕೆ 95ರಷ್ಟು ತಡೆದಿತ್ತು. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ನೂರಕ್ಕೆ 70ರಷ್ಟಕ್ಕೆ ಈ ಎರಡೇ ಕಾರಣ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಕೂಡ ಸಾಕಾಗಬಹುದು ಎಂದದ್ದರ ಹಿಂದೆ ಈ ಅಧ್ಯಯನವೂ ಇದೆ. ಬ್ರಿಟನ್ 2023ರಿಂದ ಹುಡುಗಿಯರಿಗೂ ಹುಡುಗರಿಗೂ ಒಂದೇ ಡೋಸ್ ಕೊಡುತ್ತಿದೆ. ಹುಡುಗರಲ್ಲಿ ಒಂದು ಡೋಸ್‌ನ ಪುರಾವೆ ಹುಡುಗಿಯರಲ್ಲಿ ಇರುವಷ್ಟು ಗಟ್ಟಿಯಾಗಿಲ್ಲ. ಹಾಗಾಗಿ ನಾವೇ ದುಡ್ಡು ಕೊಟ್ಟು ಹಾಕಿಸುವಾಗ ಲೇಬಲ್‌ನಲ್ಲಿರುವಂತೆ ಎರಡು ಹಾಕಿಸುವುದೇ ಮೇಲು. ಕೊಯ್ಲಿನ ಕುಟುಂಬದ ಹುಡುಗಿಗೆ ಒಂದೇ ಡೋಸ್ ಸಿಕ್ಕರೂ ಅದು ದೊಡ್ಡ ಉಪಕಾರ.

ಸೂಜಿಯ ದಿನ ಮಕ್ಕಳು ತಿಂಡಿ ತಿಂದು ಬರಲಿ. ಕೂರಿಸಿ ಹಾಕಿ, ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ. ಈ ವಯಸ್ಸಿನಲ್ಲಿ ಸೂಜಿ ನೋಡಿ ತಲೆಸುತ್ತಿ ಬೀಳುವುದು ಇದ್ದದ್ದೇ. ಒಬ್ಬರು ಬಿದ್ದರೆ ಹಿಂದಿನ ನಾಲ್ವರೂ ಬೀಳುತ್ತಾರೆ. ಹಾಗಾಗಿ ಸಾಲನ್ನು ಸೂಜಿ ಕಾಣುವ ಜಾಗದಲ್ಲಿ ನಿಲ್ಲಿಸಬೇಡಿ. ತೋಳು ನೋವು, ಸಣ್ಣ ಜ್ವರ ಒಂದೆರಡು ದಿನ ಇರಬಹುದು. ತೀವ್ರ ಅಲರ್ಜಿ ತೀರಾ ಅಪರೂಪ, ಆದರೆ ಅದಕ್ಕೆ ಬೇಕಾದ ಔಷಧಿ ನರ್ಸ್ ಕೈಗೆ ಸಿಗುವಂತಿರಬೇಕು.

ಕೊನೆಗೆ ನಿಮ್ಮ ಮನೆಯ ಮಾತು. ನಿಮ್ಮ ಮಗನಿಗೆ 12, ಇನ್ನೂ ಎರಡು ವರ್ಷ ಸಮಯವಿದೆ. ಸೀರಂ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆ ನಮ್ಮಲ್ಲಿ 9ರಿಂದ 26 ವರ್ಷದ ಗಂಡು ಹೆಣ್ಣು ಇಬ್ಬರಿಗೂ ಇದೆ. ಕ್ಯಾನ್ಸರ್ ತರುವ ಎರಡು ಬಗೆಯ ಜೊತೆ ನರುಳ್ಳೆ ತರುವ ಎರಡು ಬಗೆಯನ್ನೂ ತಡೆಯುತ್ತದೆ. 2023ರಲ್ಲಿ ಮಾರುಕಟ್ಟೆಗೆ ಬಂದಾಗ ಒಂದು ಡೋಸ್‌ಗೆ ಸುಮಾರು 2,000 ರೂಪಾಯಿ ಇತ್ತು. ಆತುರ ಇರುವುದು ಮಗಳದ್ದು. 15 ತುಂಬುವ ಮೊದಲು ಶುರು ಮಾಡಿದರೆ ಎರಡು ಡೋಸ್, ತುಂಬಿದ ಮೇಲೆ ಶುರು ಮಾಡಿದರೆ ಮೂರು. ಅವಳ ಹುಟ್ಟುಹಬ್ಬ ಸೆಪ್ಟೆಂಬರ್‌ಗಿಂತ ಮೊದಲಿದ್ದರೆ ಶಾಲೆಯ ದಿನಕ್ಕೆ ಕಾಯಬೇಡಿ, ಈ ವಾರವೇ ನಿಮ್ಮ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ ಮೊದಲ ಡೋಸ್ ಹಾಕಿಸಿ.